ಪಕ್ಷ ಬಿಟ್ಟ ಶಾಸಕರ ಸೀಟು ಕೂಡಲೇ ಯಾಕೆ ಹೋಗುವುದಿಲ್ಲ?

ಶಾಸಕರೊಬ್ಬರು ಬೇರೆ ಪಕ್ಷದ ಶಾಲು ಹೊದ್ದ ಫೋಟೊ ಹರಿದಾಡಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: ‘ಪಕ್ಷಾಂತರ ನಿಷೇಧ ಕಾನೂನು ಇದೆಯಲ್ಲ, ಇವರಿನ್ನೂ ಎಂಎಲ್ಎ ಹೇಗೆ?’ ಬಹುಪಾಲು ಸಲ ಉತ್ತರ ಸರಳ. ಯಾರೂ ದೂರು ಕೊಟ್ಟಿರುವುದಿಲ್ಲ. ಕೊಟ್ಟಿದ್ದರೆ ಅದು ಸ್ಪೀಕರ್ ಬಳಿ ಬಿದ್ದಿರುತ್ತದೆ.

1985ರಲ್ಲಿ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯೇ ಈ ಪಕ್ಷಾಂತರ ನಿಷೇಧ ಕಾನೂನು. ಅದರ ಪ್ರಕಾರ, ಪಕ್ಷದ ಟಿಕೆಟ್‌ನಲ್ಲಿ ಗೆದ್ದವರ ಸೀಟಿಗೆ ಎರಡು ಕಡೆಯಿಂದ ಕುತ್ತು. ಒಂದು, ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವ ಬಿಡುವುದು. ಇದಕ್ಕೆ ಪತ್ರ ಬರೆದುಕೊಡಲೇಬೇಕೆಂದಿಲ್ಲ, ನಡವಳಿಕೆಯೇ ಸಾಕು ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಎರಡು, ಸದನದಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕುವುದು ಅಥವಾ ಮತದಾನಕ್ಕೆ ಬಾರದಿರುವುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಈ ತಪ್ಪು ಅಲ್ಲಿಗೇ ಮುಗಿಯಿತು. ರಾಜ್ಯಸಭಾ ಚುನಾವಣೆಯ ಅಡ್ಡಮತ ಇದರಡಿ ಬರುವುದಿಲ್ಲ. ಪಕ್ಷವೇ ಉಚ್ಚಾಟಿಸಿದರೂ ಸೀಟು ಉಳಿಯುತ್ತದೆ. ಶಿಕ್ಷೆ ಎಂದು ಹೊರಹಾಕಿದ್ದು ಶಾಸಕರಿಗೆ ಅನುಕೂಲವೇ ಆಗುವುದುಂಟು. ಮೊದಲು ಮೂರನೇ ಒಂದರಷ್ಟು ಶಾಸಕರು ಒಡೆದು ಹೋದರೆ ರಕ್ಷಣೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆಯಿತು. ಈಗ ಉಳಿದಿರುವುದು ಬೇರೆ ಪಕ್ಷದೊಂದಿಗೆ ವಿಲೀನದ ದಾರಿ, ಅದಕ್ಕೆ ಮೂರನೇ ಎರಡರಷ್ಟು ಜನ ಬೇಕು.

ತೀರ್ಮಾನಿಸುವವರು ಸ್ಪೀಕರ್. ಅರ್ಜಿ ಬಂದ ಮೇಲೆ ನೋಟಿಸ್ ಕೊಡಬೇಕು, ನಮ್ಮ ವಿಧಾನಸಭೆಯ 1986ರ ನಿಯಮದಂತೆ ಉತ್ತರಕ್ಕೆ ಏಳು ದಿನ ಬಿಡಬೇಕು, ಆಮೇಲೆ ವಿಚಾರಣೆ. ಇಷ್ಟು ದಿನದೊಳಗೆ ಮುಗಿಸಬೇಕೆಂದು ಅನುಸೂಚಿಯಲ್ಲಿ ಎಲ್ಲೂ ಇಲ್ಲ. ಮಣಿಪುರದ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಸಾಮಾನ್ಯವಾಗಿ ಮೂರು ತಿಂಗಳು ಎಂದಿತು. ಆದರೂ ಸ್ಪೀಕರ್ ಸ್ಥಾನಕ್ಕೆ ಬರುವವರು ಹೆಚ್ಚಾಗಿ ಆಳುವ ಪಕ್ಷದವರೇ. ಎಡವಟ್ಟು ಇರುವುದೇ ಇಲ್ಲಿ: ಬೇಡವಾದ ಕಡತ ಮಲಗುತ್ತದೆ, ಬೇಕಾದ ಕಡತ ಓಡುತ್ತದೆ.

ಓಡಿದ ಕಡತ ನೋಡಬೇಕೆಂದರೆ 2010ರ ಅಕ್ಟೋಬರ್ ನೆನಪಿಸಿಕೊಳ್ಳಿ. ಯಡಿಯೂರಪ್ಪ ಸರ್ಕಾರದ ವಿಶ್ವಾಸಮತ 11ಕ್ಕೆ. ಸ್ಪೀಕರ್ ಕೆ.ಜಿ. ಬೋಪಯ್ಯ 7ರಂದು ನೋಟಿಸ್ ಕೊಟ್ಟು, 10ರಂದು ಸರ್ಕಾರಕ್ಕೆ ಬೆಂಬಲ ಹಿಂತೆಗೆದಿದ್ದ ಬಿಜೆಪಿಯ 11 ಮತ್ತು ಪಕ್ಷೇತರರು 5, ಒಟ್ಟು 16 ಜನರನ್ನು ಅನರ್ಹಗೊಳಿಸಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಆದೇಶ ರದ್ದು ಮಾಡಿತು. ಅಷ್ಟರಲ್ಲಿ ವಿಶ್ವಾಸಮತ ಮುಗಿದು ಏಳು ತಿಂಗಳಾಗಿತ್ತು.

ಇದರಿಂದ ಪಾಠ ಕಲಿತವರು ಹುಡುಕಿದ ದಾರಿ ರಾಜೀನಾಮೆ. ಪಕ್ಷ ಬಿಡುವ ಬದಲು ಸೀಟನ್ನೇ ಬಿಟ್ಟರೆ ಸದನದ ಬಲ ಇಳಿಯುತ್ತದೆ, ಅದರ ಜೊತೆ ಬಹುಮತದ ಗೆರೆಯೂ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. ರಾಜೀನಾಮೆ ಸ್ವೀಕರಿಸದ ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹಗೊಳಿಸಿದರು. 224ರಲ್ಲಿ 17 ಕಳೆದರೆ 207, ಬಹುಮತಕ್ಕೆ 104. ಬಿಜೆಪಿ ಬಳಿ 105. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ಭಾಗವನ್ನು ಕಿತ್ತುಹಾಕಿತು. ಮೂರೇ ವಾರಕ್ಕೆ ಉಪಚುನಾವಣೆ. ಬಿಜೆಪಿಯಿಂದ ನಿಂತ 13 ಅನರ್ಹರಲ್ಲಿ 11 ಜನ ಗೆದ್ದು ಬಂದರು.

ಸೋತವರು ಎಂ.ಟಿ.ಬಿ. ನಾಗರಾಜ್ ಮತ್ತು ಎಚ್. ವಿಶ್ವನಾಥ್. ಅನರ್ಹರಾದವರು ಮತ್ತೆ ಚುನಾಯಿತರಾಗುವವರೆಗೆ ಅಥವಾ ಅವಧಿ ಮುಗಿಯುವವರೆಗೆ ಮಂತ್ರಿಯಾಗುವಂತಿಲ್ಲ. ನಾಗರಾಜ್ ಶಾಸಕರ ಮತದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾಗಿ ಮಂತ್ರಿಯಾದರು. ವಿಶ್ವನಾಥ್ ಅದೇ ಪರಿಷತ್ತಿಗೆ ನಾಮಕರಣಗೊಂಡರು. ನಾಮಕರಣ ಚುನಾವಣೆಯಲ್ಲವೆಂದು ಅವರು ಮಂತ್ರಿಯಾಗುವುದನ್ನು ಹೈಕೋರ್ಟ್ ತಡೆಯಿತು, ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು.