ಬಾಸ್ ಇಲ್ಲ ಅಂದ ತಕ್ಷಣ ಬಾಸ್ ಏರಿಸಬೇಡಿ

ಮೈಸೂರು, ಮಂಡ್ಯ ಕಡೆಯ ಹೋಟೆಲ್, ಶೋರೂಮ್‌ಗಳಿಗೆ ಆಡಿಯೋ ಸಿಸ್ಟಮ್ ಕೂರಿಸುವುದು ನನ್ನ ಕೆಲಸ. ಊಟದ ಹಾಲ್, ಫ್ಯಾಮಿಲಿ ರೂಮ್, ಹೊರಗಿನ ಗಾರ್ಡನ್, ಮೇಲಿನ ಪಾರ್ಟಿ ಹಾಲ್, ಹೀಗೆ ಒಂದೇ ಕಟ್ಟಡದಲ್ಲಿ ನಾಲ್ಕು ಝೋನ್ ಇರುತ್ತವೆ. ಕೆಲಸ ಮುಗಿಸಿ ಬಂದ ಮೇಲೆ ಫೋನ್ ಬರುವುದು ಹೆಚ್ಚಾಗಿ ಬಾಸ್, ಅಂದರೆ ಹಾಡಿನ ದಪ್ಪ ತಗ್ಗಿನ ಸದ್ದಿನ ಬಗ್ಗೆ, ಒಂದೇ ದೂರಿಗೆ: "ಫ್ಯಾಮಿಲಿ ರೂಮಲ್ಲಿ ಬಾಸೇ ಬರ್ತಿಲ್ಲ ಅಣ್ಣಾ."

ಹೊಸ ಹುಡುಗರು ಕೂಡಲೇ ಟೋನ್ ಮೆನು ತೆಗೆದು ಬಾಸ್ +10ಕ್ಕೆ ಒಯ್ಯುತ್ತಾರೆ. 3 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಎರಡು ಪಟ್ಟು ಪವರ್ ಕೊಡಬೇಕು, 10 ಏರಿಸಿದರೆ ಹತ್ತು ಪಟ್ಟು. ಸೀಲಿಂಗ್‌ನಲ್ಲಿರುವ ಆರಿಂಚಿನ ಸ್ಪೀಕರ್‌ಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಬಾಸ್ ಬರುವುದಿಲ್ಲ, ಗರಗರ ಬರುತ್ತದೆ.

ನಾನು ಮೊದಲು ಎಲ್ಲಾ ಝೋನ್‌ನ ಬಾಸ್, ಟ್ರೆಬಲ್ ಸೊನ್ನೆಗೆ ತರುತ್ತೇನೆ. ಆಮೇಲೆ ನೋಡುವುದು ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್) ಹಿಂದಿನ ಫೇಸ್ ಸ್ವಿಚ್, ಅಂದರೆ ಸಬ್‌ನ ಅಲೆಯನ್ನು ಉಲ್ಟಾ ಮಾಡುವ ಸ್ವಿಚ್. ಕ್ರಾಸ್‌ಓವರ್, ಅಂದರೆ ಸಬ್‌ಗೂ ಸ್ಪೀಕರ್‌ಗೂ ಸ್ವರ ಹಂಚುವ ಗಡಿ, 80 ಹರ್ಟ್ಸ್ ಇಟ್ಟರೆ ಅದರ ಆಸುಪಾಸಿನ ಸ್ವರಗಳನ್ನು ಸಬ್ ಕೂಡ ನುಡಿಸುತ್ತದೆ, ಸ್ಪೀಕರ್ ಕೂಡ ನುಡಿಸುತ್ತದೆ. ಕೂತ ಜಾಗಕ್ಕೆ ಎರಡೂ ಉಲ್ಟಾ ಬಂದು ಸೇರಿದರೆ ಒಂದನ್ನೊಂದು ನುಂಗಿಹಾಕುತ್ತವೆ. ಮೊಬೈಲ್‌ನಿಂದ 80 ಹರ್ಟ್ಸ್ ಟೋನ್ ಹಾಕಿ ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತುಕೊಳ್ಳಿ. ಹುಡುಗ ಸ್ವಿಚ್ಚನ್ನು 0ಯಿಂದ 180ಕ್ಕೆ ಬದಲಿಸಲಿ. ಜಾಸ್ತಿ ಕೇಳಿಸುವ ಕಡೆಗೆ ಬಿಡಿ. ಮಂಡ್ಯದ ಹತ್ತಿರ ಹೈವೇ ಹೋಟೆಲೊಂದರಲ್ಲಿ ಹೀಗೆ ಸ್ವಿಚ್ ಒತ್ತಿದ ಕ್ಷಣ ಟೇಬಲ್ ಮೇಲಿನ ಸ್ಟೀಲ್ ಲೋಟದ ನೀರಲ್ಲಿ ಅಲೆ ಎದ್ದಿತು. ನಾಬ್ ಒಂದು ಕೂದಲೆಳೆಯೂ ಅಲುಗಿರಲಿಲ್ಲ.

ಅದೂ ಆಗದಿದ್ದರೆ ತಪ್ಪು ರೂಮಿನದು. 6 ಮೀಟರ್ ಉದ್ದದ ರೂಮಿನಲ್ಲಿ ಸುಮಾರು 57 ಹರ್ಟ್ಸ್ ಸ್ವರ ಗೋಡೆಯ ಪಕ್ಕ ಗುಂಯ್‌ಗುಡುತ್ತದೆ, ಆ ಗೋಡೆಯಿಂದ ಒಂದೂವರೆ ಮೀಟರ್ ಈಚೆಗೆ ಬಂದರೆ ಹೆಚ್ಚುಕಡಿಮೆ ಮಾಯ. ಇದು ಟೋನ್ ಮೆನುವಿನಲ್ಲಿ ವಾಸಿಯಾಗುವ ಕಾಯಿಲೆ ಅಲ್ಲ. ಟೇಬಲ್ ಜರುಗಿಸಬೇಕು, ಇಲ್ಲವೇ ಸಬ್ ಜರುಗಿಸಬೇಕು. ಮೂಲೆಗೆ ತಳ್ಳಿದರೆ ಬಾಸ್ ಏರುತ್ತದೆ ನಿಜ, ಆದರೆ ಕೆಲವೊಮ್ಮೆ ಕಿಟಕಿ ಗಾಜೂ ಜೊತೆಗೆ ಹಾಡುತ್ತದೆ!

ಹಾಲ್‌ನ ಸೆಟ್ಟಿಂಗನ್ನೇ ಗಾರ್ಡನ್‌ಗೆ ಕಾಪಿ ಮಾಡುವುದನ್ನಂತೂ ನಾನು ಬಿಡಿಸಿಬಿಟ್ಟಿದ್ದೇನೆ. ಹೊರಗೆ ಗೋಡೆಯೇ ಇಲ್ಲ, ಬಾಸ್ ಗಾಳಿಗೆ ಹೋಗುತ್ತದೆ. ಅಲ್ಲಿ ಸಬ್ ಲೆವೆಲ್ ಬೇರೆಯೇ ಬೇಕು.

ಇನ್ನೊಂದು ವಿಷಯ, ಖಾಲಿ ಹೋಟೆಲಲ್ಲಿ ಜೋರಾಗಿ ಹಾಕಿ ಟ್ಯೂನ್ ಮಾಡಿದರೆ ಉಪಯೋಗವಿಲ್ಲ. ಸದ್ದು ಕಮ್ಮಿಯಾದಷ್ಟೂ ನಮ್ಮ ಕಿವಿಗೆ ಬಾಸ್ ಇನ್ನೂ ಕಮ್ಮಿ ಕೇಳುತ್ತದೆ. ಫ್ಲೆಚರ್, ಮನ್ಸನ್ ಎಂಬ ಇಬ್ಬರು ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಬೆಳಿಗ್ಗೆ ಮೆಲ್ಲಗೆ ಭಕ್ತಿಗೀತೆ ಹಾಕುವ ಝೋನ್‌ಗೆ ಲೌಡ್‌ನೆಸ್ (ಕಮ್ಮಿ ಸದ್ದಿನಲ್ಲಿ ಬಾಸ್ ತುಂಬಿಕೊಡುವ ಸೆಟ್ಟಿಂಗ್) ಆನ್ ಇರಲಿ. ರಾತ್ರಿ ಬರ್ತ್‌ಡೇ ನಡೆಯುವ ಪಾರ್ಟಿ ಹಾಲ್‌ಗೆ ಆಫ್ ಮಾಡಿ. ಮೈಕ್ ಲೈನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಇಲ್ಲದಿದ್ದರೆ "ಪಾರ್ಸೆಲ್ ರೆಡಿ" ಅನ್ನುವುದು ಮಡಕೆಯೊಳಗಿಂದ ಕೂಗಿದ ಹಾಗೆ ಕೇಳುತ್ತದೆ.

ಎಲ್ಲಾ ಆದ ಮೇಲೆ ಝೋನ್‌ವಾರು ಸೆಟ್ಟಿಂಗ್ ಬರೆದು ರ್‍ಯಾಕ್ ಬಾಗಿಲ ಒಳಗೆ ಅಂಟಿಸಿ, ಟೋನ್ ಮೆನುಗೆ ಪಿನ್ ಹಾಕಿ. ಕ್ಯಾಷ್ ಕೌಂಟರ್‌ಗೆ ವಾಲ್ಯೂಮ್ ಒಂದೇ ಸಾಕು. ಪಿನ್ ಓನರ್‌ಗೆ ಮಾತ್ರ ಕೊಡಿ, ಓನರ್ ಮಗನಿಗೆ ಬೇಡ.