ಯಾವೂರು ಅಂದ್ರೆ…

ಬೆಂಗಳೂರಲ್ಲಿ "ಯಾವೂರ್ರೀ?" ಅಂತ ಕೇಳಿದವರಿಗೆ "ದಾವಣಗೆರೆ" ಅಂದ್ರೆ ಸಾಕು, "ಓ, ಬೆಣ್ಣೆ ದೋಸೆ!" ಅಂತಾರೆ. ಮೊದಮೊದಲು ಸಿಟ್ಟು ಬರ್ತಿತ್ತು. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಕಣ್ರೀ, 1997ರಿಂದ ಜಿಲ್ಲಾಕೇಂದ್ರ ಬೇರೆ, ಬರೀ ದೋಸೇನಾ?

ನಿನ್ನೆ ಇಲ್ಲೊಂದು ಹೋಟೆಲಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡ್ ನೋಡಿ ಒಳಗೆ ಹೋದೆ. ದೋಸೆ ಜೊತೆ ಕೆಂಪು ಚಟ್ನಿ! ಪಕ್ಕದ ಟೇಬಲ್ಲಿನವರು ಕೇಳದೇ ಇದ್ರೂ ಸೌದೆ ಒಲೆ, ಬಿಳಿ ಕಾಯಿ ಚಟ್ನಿ, ಆಲೂ ಪಲ್ಯ, ಸಂಜೆಯ ಮಂಡಕ್ಕಿ-ಮಿರ್ಚಿ ಅಂತ ಹತ್ತು ನಿಮಿಷ ಕೊರೆದೆ. ಅವರು ಹರಿಹರದವರಂತೆ! ಆಮೇಲೆ ಮಾತು ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ ಕಡೆ ಹೋಯ್ತು. ಆಗ ನಮ್ಮನೇಲಿ ಕಾಲಿಡೋಕೂ ಜಾಗ ಇರಲ್ಲ. ಪಕ್ಕದ ಮನೆ ನೆಂಟರೂ ನಮ್ಮ ಪಡಸಾಲೇಲೇ ಮಲಗ್ತಾರೆ, ಬೆಳಿಗ್ಗೆ ಯಾರ ಚಪ್ಪಲಿ ಯಾರ ಕಾಲಲ್ಲೋ. ಇಲ್ಲಿ ನಾಲ್ಕು ವರ್ಷದಿಂದ ಇದೀನಿ, ಎದುರು ಫ್ಲ್ಯಾಟಿನವರ ಹೆಸರು ಗೊತ್ತಿಲ್ಲ.

ಬಿಲ್ ಅವರೇ ಕೊಟ್ರು. ಎಷ್ಟು ಹೇಳಿದ್ರೂ ಕೇಳಲಿಲ್ಲ, "ನಮ್ಮ ಕಡೆಯವರು ಬಿಡ್ರೀ" ಅಂದ್ರು.