ಹತ್ತಕ್ಕೆ ಏರಿತಾ, ಹತ್ತರಷ್ಟು ಏರಿತಾ?

ಗ್ರಾಫಿನಲ್ಲಿ ಗೆರೆ 52ರಿಂದ 49ಕ್ಕೆ ಇಳಿದಿತ್ತು. ಬರೀ ಮೂರು ಅಂಕಿ. ಉತ್ತರ ಬರೆದವರು ಅದಕ್ಕೆ ‘ಪ್ಲಮೆಟೆಡ್’ ಎಂದು ಬರೆದಿದ್ದರು. ಅಂದರೆ ಬಾವಿಗೆ ಕಲ್ಲು ಬಿದ್ದ ಹಾಗೆ ಧೊಪ್ಪನೆ ಬಿತ್ತು ಅಂತ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅವರನ್ನು ಕರೆದು ಕೇಳಿದೆ.

“ಮೇಡಂ, ನೀವೇ ಕೊಟ್ಟ ಪಟ್ಟಿಯಲ್ಲಿ ಇತ್ತಲ್ವಾ? ಬರೀ ಡಿಕ್ರೀಸ್ ಅಂತ ಬರೆದರೆ ಮಾರ್ಕ್ಸ್ ಬರಲ್ಲ ಅಂದುಕೊಂಡೆ.”

ನನಗೆ ಉತ್ತರ ಹೊಳೆಯಲಿಲ್ಲ. ಪಟ್ಟಿ ನನ್ನದೇ.

ನಾನು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಬರವಣಿಗೆ ಹೇಳಿಕೊಡುತ್ತೇನೆ. ಬಾಯಲ್ಲಿ ಎಲ್ಲರೂ ಐಲ್ಟ್ಸ್ ಅಂತಲೇ ಅನ್ನುತ್ತಾರೆ. ಅದರ ಅಕಾಡೆಮಿಕ್ ಪರೀಕ್ಷೆಯಲ್ಲಿ ಬರವಣಿಗೆಗೆ 60 ನಿಮಿಷ, ಎರಡು ಟಾಸ್ಕ್. ಮೊದಲನೆಯದರಲ್ಲಿ ಗ್ರಾಫ್, ಟೇಬಲ್, ಮ್ಯಾಪ್, ಇಲ್ಲವೇ ಏನಾದರೂ ತಯಾರಾಗುವ ಬಗೆ ತೋರಿಸುವ ಚಿತ್ರ ಕೊಡುತ್ತಾರೆ. ನೋಡಿದ್ದನ್ನು ಕನಿಷ್ಠ 150 ಪದಗಳಲ್ಲಿ ಹೇಳಬೇಕು. ಅದಕ್ಕೆ 20 ನಿಮಿಷ ಸಾಕು ಅಂತ ಪರೀಕ್ಷೆಯವರೇ ಹೇಳುತ್ತಾರೆ. ಎರಡನೆಯದು ಕನಿಷ್ಠ 250 ಪದದ ಪ್ರಬಂಧ, ಅದರ ತೂಕ ಮೊದಲನೆಯದರ ಎರಡು ಪಟ್ಟು. ಜನರಲ್ ಟ್ರೇನಿಂಗ್ ಅನ್ನೋ ಇನ್ನೊಂದು ಬಗೆಯ ಪರೀಕ್ಷೆ ಬರೆಯುವವರಿಗೆ ಗ್ರಾಫಿನ ಕಾಟ ಇಲ್ಲ, ಅವರು ಪತ್ರ ಬರೆಯುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಮೊದಲ ಕೆಲಸವೇ ಆ ಪಟ್ಟಿ. ಏರುವುದಕ್ಕೆ ಹದಿನೈದು ಪದ, ಇಳಿಯುವುದಕ್ಕೆ ಹದಿನೈದು, ಇದ್ದಲ್ಲೇ ಇರುವುದಕ್ಕೆ ಹತ್ತು. ಸೋರ್, ಸರ್ಜ್, ಸ್ಕೈರಾಕೆಟ್, ಪ್ಲಂಜ್, ಪ್ಲಮೆಟ್, ಡ್ವಿಂಡಲ್. ಎರಡು ಕಾಲಂ, ನೀಟಾದ ಪ್ರಿಂಟ್. ಎಲ್ಲರೂ ಫೈಲಿಗೆ ಹಾಕಿಕೊಂಡರು, ಉರು ಹೊಡೆದರು. ಆಮೇಲೆ ಬಂದ ಉತ್ತರಗಳಲ್ಲಿ ಎಲ್ಲ ಗ್ರಾಫೂ ಆಕಾಶಕ್ಕೆ ಹಾರುತ್ತಿತ್ತು, ಇಲ್ಲಾ ಪಾತಾಳಕ್ಕೆ ಬೀಳುತ್ತಿತ್ತು. ಮಾರ್ಕ್ಸ್ ಮಾತ್ರ ಇದ್ದಲ್ಲೇ ಇತ್ತು!

ಆವತ್ತು ಸಂಜೆ ಕಟ್ಟಿನಲ್ಲಿದ್ದ ಉತ್ತರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಈ ಸಲ ದೊಡ್ಡ ಪದಗಳನ್ನು ಬಿಟ್ಟು, ಅವುಗಳ ಅಕ್ಕಪಕ್ಕ ಏನಿದೆ ಅಂತ ನೋಡಿದೆ. ತಪ್ಪೆಲ್ಲ ಅಲ್ಲಿತ್ತು. ಬೈ, ಟು, ಅಟ್, ಆಫ್, ಇನ್. ಪಟ್ಟಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಇಷ್ಟು ಸಣ್ಣ ಪದವನ್ನು ಏನು ಕಲಿಸೋದು ಅಂತ ನಾನೇ ಬಿಟ್ಟಿದ್ದೆ.

ಒಂದು ಉತ್ತರ ಇನ್ನೂ ನೆನಪಿದೆ. ಗೆರೆ 20ರಲ್ಲಿ ಶುರುವಾಗಿ 30ರಲ್ಲಿ ಮುಗಿದಿತ್ತು. ಬರೆದದ್ದು ‘ರೋಸ್ ಬೈ 30’. ಬೈ ಅಂದರೆ ‘ಅಷ್ಟು’. 20ಕ್ಕೆ 30 ಸೇರಿದರೆ 50 ಆಯ್ತಲ್ಲ! ಒಂದೇ ಒಂದು ಪುಟ್ಟ ಪದ, ಗ್ರಾಫೇ ಬೇರೆ ಆಗಿಹೋಯ್ತು. ಇದು ಬರೀ ವ್ಯಾಕರಣದ ತಪ್ಪಲ್ಲ, ಅಂಕಿಯನ್ನೇ ತಪ್ಪಾಗಿ ಹೇಳಿದ ಹಾಗೆ. ಈ ಪರೀಕ್ಷೆಯಲ್ಲಿ ನಾಲ್ಕು ವಿಷಯ ನೋಡಿ ಅಂಕ ಕೊಡುತ್ತಾರೆ. ಕೇಳಿದ್ದನ್ನು ಹೇಳಿದ್ದಾರಾ, ಮಾತು ಒಂದಕ್ಕೊಂದು ಜೋಡಿಸಿಕೊಂಡಿದೆಯಾ, ಪದಗಳ ಬಳಕೆ ಹೇಗಿದೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಅಂದರೆ ನನ್ನ ಪಟ್ಟಿ ಕಾಲು ಭಾಗಕ್ಕಷ್ಟೇ ಸಂಬಂಧಪಟ್ಟದ್ದು. ಆ ಕಾಲು ಭಾಗದಲ್ಲೂ ಪದ ಅದರ ಜಾಗದಲ್ಲಿ ಕೂತಿದೆಯಾ ಅಂತ ನೋಡುತ್ತಾರೆ. ಬಂದುಹೋಯಿತು ಅನ್ನೋದಷ್ಟೇ ಸಾಲದು.

ಇಷ್ಟೆಲ್ಲ ಗೊತ್ತಾದ ಮೇಲೂ ಹೇಗೆ ಕಲಿಸಬೇಕು ಅನ್ನೋದು ತಕ್ಷಣ ಗೊತ್ತಾಗಲಿಲ್ಲ. ಬೋರ್ಡಿನ ಮೇಲೆ ಬೈ, ಟು ಅಂತ ಬರೆದು ವಿವರಿಸಿದೆ. ತಲೆಯಾಡಿಸಿದರು, ಮರುದಿನ ಮತ್ತೆ ಅದೇ ತಪ್ಪು. ಒಂದು ದಿನ ಸಾಕಾಗಿ, “ಕನ್ನಡದಲ್ಲೇ ಹೇಳಿ, ಏನಾಗಿದೆ ಇಲ್ಲಿ?” ಅಂದೆ. ಹಿಂದಿನ ಸಾಲಿನಿಂದ ಒಬ್ಬರು ಥಟ್ಟನೆ, “20ರಿಂದ 30ಕ್ಕೆ ಏರಿದೆ ಮೇಡಂ, ಹತ್ತರಷ್ಟು ಏರಿದೆ” ಅಂದರು. ಒಂದೇ ಉಸಿರಲ್ಲಿ ಎಲ್ಲಾ ಬಂತು. ‘ಇಂದ’ ಅಂದರೆ ಫ್ರಮ್, ‘ಕ್ಕೆ’ ಅಂದರೆ ಟು, ‘ಅಷ್ಟು’ ಅಂದರೆ ಬೈ. ಕನ್ನಡದಲ್ಲಿ ಯಾರೂ ಇದರಲ್ಲಿ ತಪ್ಪುವುದಿಲ್ಲ. ‘ಹತ್ತಕ್ಕೆ ಏರಿತು’ ಮತ್ತು ‘ಹತ್ತರಷ್ಟು ಏರಿತು’ ಬೇರೆ ಬೇರೆ ಅಂತ ಮಗುವಿಗೂ ಗೊತ್ತು. ಇಂಗ್ಲಿಷ್ ಬರೆಯಲು ಕೂತಾಗ ಮಾತ್ರ ಅದನ್ನು ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರುತ್ತಿದ್ದರು. ಹಾಗೆ ಬಿಡಿಸಿದ್ದೂ ನಾನೇ. ಕ್ಲಾಸಿನಲ್ಲಿ ಕನ್ನಡ ಬೇಡ ಅಂತ ನಿಯಮ ಮಾಡಿದ್ದೆ.

ಒಂದು ಎಳೆ ಸಿಕ್ಕ ಮೇಲೆ ಉಳಿದವೂ ಸಿಕ್ಕವು. ರೈಸ್ ಮತ್ತು ರೇಸ್ ಗೊಂದಲವನ್ನೇ ನೋಡಿ. ‘ದಿ ಪ್ರೈಸ್ ರೇಸ್ಡ್’ ಅಂತ ಬರೆಯದವರೇ ಇಲ್ಲ. ಕನ್ನಡದಲ್ಲಿ ಅದು ಏರು, ಏರಿಸು. ಬೆಲೆ ತಾನಾಗಿ ಏರುತ್ತದೆ, ಅಂಗಡಿಯವರು ಬೆಲೆ ಏರಿಸುತ್ತಾರೆ. ಏರಿತು ಅಂದರೆ ರೋಸ್, ಏರಿಸಿದರು ಅಂದರೆ ರೇಸ್ಡ್. ಗ್ರಾಫಿನಲ್ಲಿ ಏರಿಸುವವರು ಯಾರೂ ಕಾಣುವುದಿಲ್ಲ, ಹಾಗಾಗಿ ನಮಗೆ ಬೇಕಾದದ್ದು ಹೆಚ್ಚು ಕಡಿಮೆ ಯಾವಾಗಲೂ ರೋಸ್.

‘ವೇಗವಾಗಿ ಏರಿತು’, ‘ವೇಗದ ಏರಿಕೆ’. ಇದೂ ಅಷ್ಟೇ. ಮೊದಲನೆಯದು ‘ರೋಸ್ ಶಾರ್ಪ್ಲಿ’, ಎರಡನೆಯದು ‘ಎ ಶಾರ್ಪ್ ರೈಸ್’. ‘ವೇಗವಾಗಿ ಏರಿಕೆ’ ಅಂದರೆ ಕನ್ನಡದ ಕಿವಿಗೆ ಕಿರಿಕಿರಿ ಅಲ್ವಾ? ‘ಎ ಶಾರ್ಪ್ಲಿ ರೈಸ್’ ಕೂಡ ಇಂಗ್ಲಿಷ್ ಕಿವಿಗೆ ಹಾಗೇ ಕೇಳಿಸುತ್ತದೆ. ಒಂದೇ ಸಂಗತಿಯನ್ನು ಒಮ್ಮೆ ಕ್ರಿಯಾಪದದಲ್ಲಿ, ಇನ್ನೊಮ್ಮೆ ನಾಮಪದದಲ್ಲಿ ಹೇಳಲು ಬಂದರೆ ಹದಿನೈದು ಪದ ಬೇಕಾಗಿಲ್ಲ, ಮೂರೋ ನಾಲ್ಕೋ ಸಾಕು. ನಾಮಪದ ಬಂದಾಗ ಮಾತ್ರ ಬಾಲ ಬದಲಾಗುತ್ತದೆ. ಎಷ್ಟು ಏರಿಕೆ ಅನ್ನುವುದಕ್ಕೆ ಆಫ್, ಯಾವುದರಲ್ಲಿ ಏರಿಕೆ ಅನ್ನುವುದಕ್ಕೆ ಇನ್. ‘ಆನ್ ಇನ್‌ಕ್ರೀಸ್ ಆಫ್ 10’, ‘ಆನ್ ಇನ್‌ಕ್ರೀಸ್ ಇನ್ ಸೇಲ್ಸ್’.

ಕನ್ನಡ ಕೈಕೊಡುವ ಜಾಗಗಳೂ ಇವೆ. ನಾವು ‘ಕೆಳಗೆ ಬಿತ್ತು’ ಅನ್ನುತ್ತೇವೆ, ಅದೇ ಓಘದಲ್ಲಿ ‘ದಿ ಫಿಗರ್ ಫೆಲ್ ಡೌನ್’ ಅಂತ ಬರೆಯುತ್ತಾರೆ. ಮನುಷ್ಯರು ಫೆಲ್ ಡೌನ್, ಅಂಕಿಗಳು ಬರೀ ಫೆಲ್. ‘ಕಾರುಗಳು ಜಾಸ್ತಿಯಾದವು’ ನಮಗೆ ಸರಿ, ಈ ಪರೀಕ್ಷೆಯಲ್ಲಿ ‘ದಿ ನಂಬರ್ ಆಫ್ ಕಾರ್ಸ್’ ಅಂತ ಶುರು ಮಾಡಿದರೆ ಒಳ್ಳೆಯದು. ಇನ್ನು ಸ್ಟೆಡಿ! ನಮ್ಮ ಬಾಯಲ್ಲಿ ಸ್ಟೆಡಿ ಅಂದರೆ ಅಲ್ಲಾಡದೆ ನಿಂತದ್ದು. ‘ರಿಮೇನ್ಡ್ ಸ್ಟೆಡಿ’ ಅಂದಾಗ ಅದು ಸರಿಯೇ. ಆದರೆ ‘ಎ ಸ್ಟೆಡಿ ರೈಸ್’ ಅಂದರೆ ನಿಂತದ್ದಲ್ಲ, ಒಂದೇ ಹದದಲ್ಲಿ ಏರುತ್ತಾ ಹೋದದ್ದು. ಚಪ್ಪಟೆ ಗೆರೆಗೆ ‘ಸ್ಟೆಡಿ ಗ್ರೋತ್’ ಎಂದು ಬರೆದವರ ಉತ್ತರ ನನ್ನ ಹತ್ತಿರ ಸಾಕಷ್ಟಿವೆ.

ನನಗೆ ತುಂಬಾ ತಡವಾಗಿ ಹೊಳೆದ ಇನ್ನೊಂದು ವಿಷಯ ಇದೆ. ಕೆಲವು ಪದಗಳ ಹೊಟ್ಟೆಯಲ್ಲಿ ಒಂದು ಕಥೆ ಇರುತ್ತದೆ. ಆ ಕಥೆ ಗ್ರಾಫಿನಲ್ಲಿ ನಡೆದಿರಬೇಕು. ಪೀಕ್ ಅಂದರೆ ಬೆಟ್ಟದ ತುದಿ, ಅದರಾಚೆ ಇಳಿಜಾರು ಇರಲೇಬೇಕು. ಗೆರೆ ಏರುತ್ತಾ ಏರುತ್ತಾ ಮೇಲೆಯೇ ಮುಗಿದುಹೋದರೆ ಅದಕ್ಕೆ ‘ಪೀಕ್ಡ್’ ಹೊಂದುವುದಿಲ್ಲ. ಕಡೆಗೆ ಎಷ್ಟು ಮುಟ್ಟಿತು ಅಂತ ಹೇಳಿದರೆ ಸಾಕು. ಪ್ಲಾಟೋ ಹೇಳಬೇಕಾದರೆ ಮೊದಲು ಏರಿರಬೇಕು, ಆಮೇಲೆ ಸಮತಟ್ಟಾಗಬೇಕು. ಶುರುವಿನಿಂದಲೂ ಚಪ್ಪಟೆ ಇದ್ದರೆ ಅದು ಪ್ಲಾಟೋ ಅಲ್ಲ. ರಿಕವರ್ ಆಗಬೇಕಾದರೆ ಮೊದಲು ಬಿದ್ದಿರಬೇಕು. ಫ್ಲಕ್ಚುಯೇಟ್ ಅನ್ನಲು ಹಲವು ಸಲ ಏರಿಳಿದಿರಬೇಕು. ಒಂದು ಸಲ ಹತ್ತಿ ಒಂದು ಸಲ ಇಳಿದದ್ದಕ್ಕೆ ಆ ಪದ ಜಾಸ್ತಿಯಾಯಿತು. ನನ್ನ ಪಟ್ಟಿಯಲ್ಲಿ ಪ್ಲಾಟೋ ಎದುರಿಗೆ ‘ಬದಲಾಗದೆ ಇರು’ ಅಂತ ಒಂದೇ ಸಾಲು ಇತ್ತು. ಪಾಪ, ಅವರದೇನು ತಪ್ಪು.

ಕೆಲವು ಗ್ರಾಫಿಗೆ ಕಥೆಯೇ ಇರುವುದಿಲ್ಲ. ಒಂದೇ ವರ್ಷದ ಬಾರ್ ಚಾರ್ಟ್, ನಾಲ್ಕು ವಯಸ್ಸಿನ ಗುಂಪು, ನಾಲ್ಕು ಬಾರ್. ಅಲ್ಲಿ ಏನೂ ಏರಿಲ್ಲ, ಇಳಿದಿಲ್ಲ. ಒಂದು ಎತ್ತರ, ಇನ್ನೊಂದು ಗಿಡ್ಡ, ಅಷ್ಟೇ. ಆದರೂ ಎಡದಿಂದ ಬಲಕ್ಕೆ ಓದುತ್ತಾ ‘ಡಿಕ್ಲೈನ್ಡ್’ ಅಂತ ಬರೆದುಬಿಡುತ್ತಾರೆ. ಅಲ್ಲಿ ಹೋಲಿಕೆಯ ಮಾತು ಬೇಕು, ಚಲನೆಯ ಮಾತಲ್ಲ.

ಶೇಕಡಾದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಶೇ 20 ಇದ್ದದ್ದು ಶೇ 30 ಆದರೆ ಏರಿದ್ದು 10 ಪರ್ಸೆಂಟೇಜ್ ಪಾಯಿಂಟ್. ಶೇ 10ರಷ್ಟು ಏರಿತು ಅಂದರೆ ಶೇ 22 ಅಂತ ಅರ್ಥವಾಗುತ್ತದೆ. ಇದರಲ್ಲಿ ಪತ್ರಿಕೆಗಳೂ ಆಗಾಗ ಎಡವುತ್ತವೆ, ವಿದ್ಯಾರ್ಥಿಗಳನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ.

ಈಗ ಆ ಪಟ್ಟಿ ಕೊಡುವುದಿಲ್ಲ. ಪೂರ್ತಿ ಬಿಟ್ಟಿಲ್ಲ, ಹನ್ನೆರಡು ಪದಕ್ಕೆ ಇಳಿಸಿದ್ದೇನೆ, ಒಂದೊಂದರ ಪಕ್ಕ ಅದರ ಬಾಲ ಮತ್ತು ಒಂದು ಪುಟ್ಟ ಗೆರೆ ಚಿತ್ರ. ಸ್ಕೈರಾಕೆಟ್ ತೆಗೆದುಹಾಕಿದೆ, ಅದರ ಆಡಂಬರ ಈ ಬರವಣಿಗೆಗೆ ಒಗ್ಗುವುದಿಲ್ಲ. ಪ್ಲಮೆಟ್ ಇದೆ, ಅದರ ಪಕ್ಕದ ಗೆರೆ ಹಾಳೆಯ ಮೇಲಂಚಿನಿಂದ ಕೆಳಗಿನ ಅಂಚಿನವರೆಗೆ ಇದೆ. 52ರಿಂದ 49ಕ್ಕೆ ಇಳಿದರೆ ‘ಫೆಲ್ ಸ್ಲೈಟ್ಲಿ’. ಅದನ್ನು ಹಾಗೇ ಬರೆದವರಿಗೆ ಯಾರೂ ಅಂಕ ಕಳೆಯುವುದಿಲ್ಲ ಅಂತ ನಂಬಿಸುವುದೇ ಕಷ್ಟದ ಕೆಲಸ.

ಹೊಸ ಬ್ಯಾಚಿಗೆ ಮೊದಲ ದಿನ ಪೆನ್ನು ಕೂಡ ಹಿಡಿಸುವುದಿಲ್ಲ. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸುತ್ತೇನೆ. ಒಬ್ಬರ ಕೈಯಲ್ಲಿ ಗ್ರಾಫ್, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ, ಪೆನ್ಸಿಲ್. ಗ್ರಾಫ್ ಇರುವವರು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಬೇಕು. ಇನ್ನೊಬ್ಬರು ಕೇಳಿದ ಹಾಗೆ ಗೆರೆ ಎಳೆಯಬೇಕು. ಕನ್ನಡದ ಸುತ್ತಿನಲ್ಲಿ ಗೆರೆಗಳು ಬಹುತೇಕ ಸರಿ ಬರುತ್ತವೆ. ಇಂಗ್ಲಿಷ್ ಸುತ್ತಿನಲ್ಲಿ ಗಲಾಟೆ ಶುರು. ಮೊನ್ನೆ ಒಬ್ಬರ ಗೆರೆ ಹಾಳೆ ದಾಟಿ ಡೆಸ್ಕಿನ ಮೇಲೆ ಹೋಗಿತ್ತು. ಹಿಂದೆ ತಿರುಗಿ ಕೇಳುತ್ತಿದ್ದರು, “ರೀ, ನೀವು ಬೈ ಅಂದ್ರಾ, ಟು ಅಂದ್ರಾ?”